ಒಳಗೂ ಹೊರಗೂ ಒಂದೇ ಅನ್ನಿಸುವ ಮನೆ: ಗಾಜಿಗಿಂತ ಜಗಲಿಗೆ ದುಡ್ಡು ಹಾಕಿ

ಪ್ರಶ್ನೆ: ಮೈಸೂರಿನಲ್ಲಿ ನಮ್ಮದೊಂದು 40×60 ಸೈಟ್ ಇದೆ. ರಸ್ತೆ ಪೂರ್ವಕ್ಕೆ. ಉತ್ತರಕ್ಕೆ ಎರಡು ಮಹಡಿಯ ಮನೆ ಇದೆ, ದಕ್ಷಿಣದ ಸೈಟ್ ಖಾಲಿ. ಮನೆಯೊಳಗೆ ಕೂತರೂ ತೋಟದಲ್ಲಿ ಕೂತ ಹಾಗಿರಬೇಕು ಅನ್ನೋದು ನಮ್ಮ ಆಸೆ. ಹಿಂಭಾಗದಲ್ಲಿ, ಅಂದರೆ ಪಶ್ಚಿಮಕ್ಕೆ, 16 ಅಡಿ ಅಗಲದ ಗಾಜಿನ ಸ್ಲೈಡಿಂಗ್ ಬಾಗಿಲು ಇಟ್ಟು ಹಿತ್ತಲಿಗೆ ತೆರೆದುಕೊಳ್ಳೋಣ ಅಂತ ಯೋಚನೆ. ನನ್ನ ಹೆಂಡತಿ ತೀರ್ಥಹಳ್ಳಿ ಕಡೆಯ ತೊಟ್ಟಿ ಮನೆಯಲ್ಲಿ ಬೆಳೆದವಳು. ಮಧ್ಯದಲ್ಲಿ ತೊಟ್ಟಿ ಬೇಕು ಅನ್ನುತ್ತಾಳೆ. ಎಂಜಿನಿಯರ್ ಮಾತ್ರ, "ಇದೆಲ್ಲ ಫೋಟೋಗೆ ಚೆಂದ ಸಾರ್. ಮಳೆ, ಸೊಳ್ಳೆ, ಕಳ್ಳರು. ಬೇಕೇ ಬೇಕು ಅಂದ್ರೆ ತೊಟ್ಟಿ ಮೇಲೆ ಬೆಳಕು ಬಿಡುವ ಪಾಲಿಕಾರ್ಬೊನೇಟ್ ಪ್ಲಾಸ್ಟಿಕ್ ಶೀಟ್ ಹಾಕಿಬಿಡೋಣ" ಅನ್ನುತ್ತಾರೆ. ನಮ್ಮ ಜೊತೆ 72 ವರ್ಷದ ಅಮ್ಮ ಇರುತ್ತಾರೆ. ಏನು ಮಾಡಬೇಕು?

ಉತ್ತರ: ನಿಮ್ಮ ಎಂಜಿನಿಯರ್ ಹೇಳಿದ ಮೂರೂ ತೊಂದರೆ ನಿಜ. ಅವರು ಹೇಳಿದ ಪರಿಹಾರ ಮಾತ್ರ ಸರಿ ಇಲ್ಲ. ಪಶ್ಚಿಮದ ಗಾಜಿನ ಬಾಗಿಲೂ ಬೇಡ. ಯಾಕೆ ಅಂತ ನೋಡೋಣ.

ಮಾಮೂಲಿ ಮನೆಯಲ್ಲಿ ಹೊರಗೋಡೆ ಒಂದೇ ಸಲಕ್ಕೆ ಐದು ಕೆಲಸ ಮಾಡುತ್ತದೆ. ಮಳೆ ತಡೆಯುತ್ತದೆ, ಬಿಸಿಲು ತಡೆಯುತ್ತದೆ, ಸೊಳ್ಳೆ ತಡೆಯುತ್ತದೆ, ಕಳ್ಳರನ್ನು ತಡೆಯುತ್ತದೆ, ಪಕ್ಕದವರ ಕಣ್ಣನ್ನೂ ತಡೆಯುತ್ತದೆ. ಐದೂ ಆ ಒಂಬತ್ತಿಂಚಿನ ಗೋಡೆಯಲ್ಲೇ ನಿಲ್ಲುವುದರಿಂದ ಒಳಗು ಬೇರೆ, ಹೊರಗು ಬೇರೆ ಅನ್ನಿಸುತ್ತದೆ. ಗೋಡೆ ತೆಗೆದು ಗಾಜು ಇಟ್ಟರೆ ಐದು ಕೆಲಸವೂ ಗಾಜಿನ ತಲೆಗೆ ಬೀಳುತ್ತದೆ. ಅದು ಒಂದನ್ನೂ ಸರಿಯಾಗಿ ಮಾಡುವುದಿಲ್ಲ. ಆಮೇಲೆ ಕರ್ಟನ್ ಬರುತ್ತದೆ, ಗ್ರಿಲ್ ಬರುತ್ತದೆ, ಎ.ಸಿ. ಬರುತ್ತದೆ. ಎರಡು ವರ್ಷದಲ್ಲಿ ಆ ಬಾಗಿಲು ಬರೀ ದುಬಾರಿ ಗೋಡೆ.

ನೀವು ಮಾಡಬೇಕಾದದ್ದು ಈ ಐದು ಕೆಲಸಗಳನ್ನು ಬಿಡಿಸಿ ಬೇರೆ ಬೇರೆ ಜಾಗದಲ್ಲಿ ನಿಲ್ಲಿಸುವುದು. ಬಿಸಿಲು ಸೂರಿನ ಅಂಚಲ್ಲಿ ನಿಲ್ಲಲಿ. ಮಳೆ ಎರಚಲು ಜಗಲಿ ದಾಟದೆ ನಿಲ್ಲಲಿ. ಸೊಳ್ಳೆ ಜಗಲಿ ದಾಟಿದ ಮೇಲೆ ನಿಲ್ಲಲಿ. ಕಳ್ಳರು, ಪಕ್ಕದವರ ಕಣ್ಣು ಎರಡೂ ಕಾಂಪೌಂಡ್ ಹತ್ತಿರವೇ ನಿಲ್ಲಲಿ. ಹೀಗೆ ಮಾಡಿದಾಗ ಒಳಗು ಎಲ್ಲಿ ಮುಗಿಯಿತು ಅಂತ ಬೆರಳಿಟ್ಟು ತೋರಿಸಲು ಆಗುವುದಿಲ್ಲ. ನಿಮ್ಮ ಹೆಂಡತಿಯ ತವರುಮನೆಯಲ್ಲಿ ಆಗುತ್ತಿದ್ದದ್ದೂ ಇದೇ. ಅಲ್ಲಿ ಗಾಜೇ ಇರಲಿಲ್ಲ ಅಲ್ವಾ?

ಪ್ರಶ್ನೆಯ ಜೊತೆ ನೀವು ಕಳಿಸಿದ ಫೋಟೋಗಳಲ್ಲಿ ಜಾಸ್ತಿ ಪಾಲು ಚಳಿ ದೇಶದ್ದು. ಅಲ್ಲಿ ಗಾಜಿಗೆ ಕಾರಣ ಇದೆ. ವರ್ಷದ ಅರ್ಧ ಭಾಗ ಹೊರಗೆ ಕೂರಲು ಆಗುವುದಿಲ್ಲ, ಬಿಸಿಲಾದರೂ ಒಳಗೆ ಬರಲಿ ಅಂತ ಗಾಜು. ಅಲ್ಲೂ ಅದು ಪೂರ್ತಿ ಗೆದ್ದಿಲ್ಲ. ಅಮೆರಿಕದ ಇಲಿನಾಯ್‌ನಲ್ಲಿ ಆರ್ಕಿಟೆಕ್ಟ್ ಮೀಸ್ ವಾನ್ ಡೆರ್ ರೋಹೆ 1951ರಲ್ಲಿ ಮುಗಿಸಿದ ಫಾರ್ನ್ಸ್‌ವರ್ತ್ ಮನೆ ಇದೆ. ನಾಲ್ಕೂ ಕಡೆ ಗಾಜು, ಪಕ್ಕದಲ್ಲೇ ನದಿ. ಜಗತ್ತಿನ ಎಲ್ಲ ಆರ್ಕಿಟೆಕ್ಟ್‌ಗಳೂ ಓದುವ ಮನೆ ಅದು. ಅದರಲ್ಲಿ ವಾಸ ಮಾಡಿದ ಡಾಕ್ಟರಮ್ಮನಿಗೆ ಬೇಸಿಗೆಯ ಸೆಖೆ, ನದಿಯ ಸೊಳ್ಳೆ ಎರಡೂ ತಪ್ಪಲಿಲ್ಲ. ಕೊನೆಗೆ ವರಾಂಡಕ್ಕೆ ಮೆಷ್ ಹಾಕಿಸಬೇಕಾಯಿತು.

ನಿಮಗೆ ಹತ್ತಿರದ ಉದಾಹರಣೆ ಬೇಕಾದರೆ ಶ್ರೀಲಂಕಾ ನೋಡಿ. ಅಲ್ಲಿನ ಆರ್ಕಿಟೆಕ್ಟ್ ಜೆಫ್ರಿ ಬಾವಾ 1962ರಲ್ಲಿ ಕೊಲಂಬೊ ಊರೊಳಗೆ ಕಲಾವಿದೆ ಎನಾ ಡಿ ಸಿಲ್ವಾ ಅವರಿಗೆ ಒಂದು ಮನೆ ಮುಗಿಸಿಕೊಟ್ಟರು. ರಸ್ತೆ ಕಡೆಗೆ ಮುಚ್ಚಿದ ಗೋಡೆ. ಒಳಗೆ ಹೋದರೆ ದೊಡ್ಡ ಅಂಗಳ, ಸುತ್ತ ಆಳವಾದ ವರಾಂಡ, ಅದರ ಹಿಂದೆ ಕೋಣೆಗಳು. ನಮ್ಮ ತೊಟ್ಟಿ ಮನೆಯ ದಾಯಾದಿಯೇ ಅನ್ನಿ. ಮಳೆ, ಸೊಳ್ಳೆ, ಸೆಖೆ ಎಲ್ಲ ನಮಗಿಂತ ಜಾಸ್ತಿ ಇರುವ ಊರಲ್ಲಿ ಅದು ನಡೆಯಿತು ಅಂದ ಮೇಲೆ ಮೈಸೂರಿನ ಹವಾಮಾನಕ್ಕೆ ಏನೂ ಕಷ್ಟ ಇಲ್ಲ.

ಈಗ ನಿಮ್ಮ ಸೈಟಿಗೆ ಬರೋಣ.

ಪಶ್ಚಿಮಕ್ಕೆ ಯಾಕೆ ಬೇಡ ಅಂದರೆ, ಏಪ್ರಿಲ್ ತಿಂಗಳ ಸಂಜೆ ನಾಲ್ಕೂವರೆಗೆ ಸೂರ್ಯ ಕೆಳಗಿಳಿದು ನೇರವಾಗಿ ಮುಖಕ್ಕೆ ಹೊಡೆಯುತ್ತಾನೆ. ಸಜ್ಜಾ ಎಷ್ಟು ಮುಂದಕ್ಕೆ ಚಾಚಿದರೂ ಅಡಿಯಿಂದ ನುಗ್ಗಿ ಬರುತ್ತಾನೆ. ಪಶ್ಚಿಮಕ್ಕೆ 16 ಅಡಿ ಗಾಜು ಇಟ್ಟು ನೀವು ಮನೆಗೆ ಬರುವ ಹೊತ್ತಿಗೆ ಹಾಲ್ ಕಾದು ಕೂತಿರುತ್ತದೆ. ಆ ದಿಕ್ಕಿಗೆ ಬಚ್ಚಲು, ಸ್ಟೋರ್, ಮೆಟ್ಟಿಲು ತಳ್ಳಿ. ಅವು ಬಿಸಿಲು ತಿಂದರೆ ತಿನ್ನಲಿ.

ತೊಟ್ಟಿ ಮಧ್ಯದಲ್ಲಿ ಬೇಕು ಅನ್ನುವ ಆಸೆ ಅರ್ಥವಾಗುತ್ತದೆ. ಆದರೆ 40 ಅಡಿ ಅಗಲದಲ್ಲಿ ಎರಡೂ ಪಕ್ಕ ಐದೈದು ಅಡಿ ಸೆಟ್‌ಬ್ಯಾಕ್ (ನಿಯಮದಂತೆ ಖಾಲಿ ಬಿಡಬೇಕಾದ ಜಾಗ) ಹೋದರೆ ಉಳಿಯುವುದು 30. ಅದರ ಮಧ್ಯದಲ್ಲಿ ತೊಟ್ಟಿ ಇಟ್ಟರೆ ಎಂಟಡಿಯ ಬಾವಿ ಆಗುತ್ತದೆ. ಸುತ್ತ ಓಡಾಡುವ ದಾರಿಗೇ ಜಾಗ ಮುಗಿದು, ಕೋಣೆಗಳು ಸೊರಗುತ್ತವೆ. ಅದರ ಬದಲು ತೊಟ್ಟಿಯನ್ನು ದಕ್ಷಿಣದ ಪಕ್ಕಕ್ಕೆ ಸರಿಸಿ. ಹೇಗಿದ್ದರೂ ಅಲ್ಲಿ ಐದಡಿ ಖಾಲಿ ಬಿಡಲೇಬೇಕು. ಅದಕ್ಕೆ ನಿಮ್ಮ ಏಳಡಿ ಸೇರಿಸಿದರೆ 12 ಅಡಿ ಅಗಲದ ಅಂಗಳ ಸಿಕ್ಕಿತು. ಸುಮ್ನೆ ಪೈಪು, ಗ್ಯಾಸ್ ಸಿಲಿಂಡರ್ ಇಡಲು ಹೋಗುತ್ತಿದ್ದ ಜಾಗ ಮನೆಯ ಒಳ್ಳೆ ಜಾಗ ಆಗುತ್ತದೆ.

ಲೆಕ್ಕ ಹೀಗೆ ಹಾಕಿ. ಉತ್ತರದಿಂದ ದಕ್ಷಿಣಕ್ಕೆ: 5 ಅಡಿ ಸೆಟ್‌ಬ್ಯಾಕ್, 15 ಅಡಿ ಹಾಲ್ ಮತ್ತು ಊಟದ ಜಾಗ, 8 ಅಡಿ ಜಗಲಿ, 12 ಅಡಿ ಅಂಗಳ. ಒಟ್ಟು 40. ಪೂರ್ವದಿಂದ ಪಶ್ಚಿಮಕ್ಕೆ: ಮುಂದೆ 10 ಅಡಿ ಬಿಟ್ಟು, 14 ಅಡಿಯ ಮುಂಭಾಗದ ಕೋಣೆಗಳು, 16 ಅಡಿ ಉದ್ದದ ಅಂಗಳ, 12 ಅಡಿಯ ಹಿಂಭಾಗ, ಕೊನೆಗೆ 8 ಅಡಿ ಹಿತ್ತಲು. ಅಲ್ಲಿಗೆ 60. ಸೆಟ್‌ಬ್ಯಾಕ್ ನಿಮ್ಮ ಬಡಾವಣೆಯ ನಿಯಮದ ಪ್ರಕಾರ ಅರ್ಧ ಅಡಿ, ಒಂದಡಿ ಆಚೀಚೆ ಆಗಬಹುದು, ಮೊದಲು ಅದನ್ನು ವಿಚಾರಿಸಿಕೊಳ್ಳಿ. ಮನೆ ಮೂರು ಕಡೆಯಿಂದ ಅಂಗಳವನ್ನು ತಬ್ಬಿಕೊಳ್ಳುತ್ತದೆ, ನಾಲ್ಕನೇ ಕಡೆ ಕಾಂಪೌಂಡ್ ಗೋಡೆ. ಪಶ್ಚಿಮದ ಬಿಸಿಲನ್ನು ಹಿಂಭಾಗದ ಕೋಣೆಗಳು ತಡೆಯುತ್ತವೆ, ರಸ್ತೆಯ ಗದ್ದಲವನ್ನು ಮುಂಭಾಗ ತಡೆಯುತ್ತದೆ.

ಒಂದು ಎಚ್ಚರಿಕೆ. ದಕ್ಷಿಣದ ಖಾಲಿ ಸೈಟಿನ ಮರಗಿಡ ಚೆನ್ನಾಗಿ ಕಾಣುತ್ತದೆ ಅಂತ ಆ ಕಡೆ ಕಾಂಪೌಂಡ್ ತಗ್ಗಿಸಬೇಡಿ. ಆ ನೋಟ ನಿಮ್ಮದಲ್ಲ. ನಾಳೆ ಅಲ್ಲಿ ಮನೆ ಏಳುತ್ತದೆ, ನಿಮ್ಮ ಅಂಗಳದ ಎದುರಿಗೇ ಅವರ ಬಾತ್‌ರೂಮ್ ಕಿಟಕಿ ಬರುತ್ತದೆ. ನೋಡಬೇಕಾದದ್ದೆಲ್ಲ ನಿಮ್ಮ ಗೋಡೆಯ ಒಳಗೇ ಇರಲಿ. ಕಾಂಪೌಂಡ್ ಎಷ್ಟು ಎತ್ತರ ಕಟ್ಟಬಹುದು ಅನ್ನುವುದಕ್ಕೂ ನಿಯಮ ಇದೆ. ಅದರ ಮೇಲೆ ಬೇಕಾದರೆ ಕಂಬಿ ನಿಲ್ಲಿಸಿ ಬಳ್ಳಿ ಹಬ್ಬಿಸಿ.

ಜಗಲಿಯ ವಿಷಯಕ್ಕೆ ಬಂದೆ. ನಿಮ್ಮ ಇಡೀ ಮನೆ ನಿಂತಿರುವುದು ಇದರ ಮೇಲೆ. ಆರಡಿಗಿಂತ ಕಡಿಮೆ ಅಗಲ ಇದ್ದರೆ ಅದು ಬರೀ ಓಡಾಡುವ ದಾರಿ. ಕುರ್ಚಿ ಹಾಕಿ, ಮುಂದೆ ಕಾಲು ಚಾಚಿ, ಹಿಂದಿನಿಂದ ಇನ್ನೊಬ್ಬರು ಓಡಾಡಬೇಕು ಅಂದರೆ ಎಂಟಡಿ ಬೇಕೇ ಬೇಕು. ಆ ಎಂಟಡಿಗೆ ಮಳೆಯ ಲೆಕ್ಕವೂ ಇದೆ. ಗಾಳಿ ಮಳೆ 45 ಡಿಗ್ರಿ ಓರೆಯಲ್ಲಿ ಬೀಳುತ್ತದೆ ಅಂತ ಇಟ್ಟುಕೊಳ್ಳಿ. ಆಗ ಸೂರು ಎಷ್ಟು ಎತ್ತರ ಇದೆಯೋ ಅಷ್ಟೇ ದೂರ ಎರಚಲು ಒಳಗೆ ಬರುತ್ತದೆ. ಸೂರಿನ ಅಂಚು ಜಗಲಿಯ ನೆಲದಿಂದ ಹತ್ತಡಿ ಮೇಲಿದ್ದರೆ ಹತ್ತಡಿ ಒದ್ದೆ. ಅದನ್ನೇ ಏಳೂವರೆ ಅಡಿಗೆ ಇಳಿಸಿ, ಎರಡಡಿ ಹೊರಗೆ ಚಾಚಿಸಿ. ಆಗ ಒಳಗೆ ಬರುವುದು ಐದೂವರೆ ಅಡಿ ಮಾತ್ರ. ಬಾಗಿಲ ಬುಡದಲ್ಲಿ ಎರಡೂವರೆ ಅಡಿ ಒಣಗಿರುತ್ತದೆ. ನಿಮ್ಮ ಅಂಗಳದ ಮೂರು ಕಡೆ ಕೋಣೆ ಇರುವುದರಿಂದ ಗಾಳಿಯ ರಭಸ ಮುರಿದು, ದಿನನಿತ್ಯದ ಮಳೆ ಇದಕ್ಕಿಂತ ನೆಟ್ಟಗೇ ಬೀಳುತ್ತದೆ. ಮೈಸೂರಲ್ಲಿ ಜೋರು ಮಳೆ ಅಂದರೆ ಮೇ ಮತ್ತು ಅಕ್ಟೋಬರ್ ತಿಂಗಳ ಸಂಜೆಯ ಗುಡುಗು ಮಳೆ. ಬಂದು, ಬಡಿದು, ಹೋಗುತ್ತದೆ. ತೀರ್ಥಹಳ್ಳಿಯಲ್ಲಾದರೆ ಇಷ್ಟು ಸಾಲದು. ಅಲ್ಲಿ ಸೂರನ್ನು ತಲೆ ಬಗ್ಗಿಸಿ ನಡೆಯುವಷ್ಟು ಇಳಿಸುತ್ತಾರೆ, ಅದೂ ಸಾಲದೆ ಮಳೆಗಾಲಕ್ಕೆ ಮುಂಚೆ ಸೋಗೆಯ ತಟ್ಟಿ ಕಟ್ಟುತ್ತಾರೆ. ನಿಮ್ಮ ಹೆಂಡತಿಯವರನ್ನು ಕೇಳಿ, ಹೇಳುತ್ತಾರೆ.

ಅದಕ್ಕೇ ಜಗಲಿಯ ಮೇಲೆ ಚಪ್ಪಟೆ ಸ್ಲ್ಯಾಬ್ ಬೇಡ ಅನ್ನುತ್ತೇನೆ. ಬಾಗಿಲ ಕಡೆ ಹತ್ತಡಿ ಇದ್ದು ಅಂಗಳದ ಕಡೆ ಏಳೂವರೆಗೆ ಇಳಿಯುವ ಓರೆ ಸ್ಲ್ಯಾಬ್ ಹಾಕಿ, ಮೇಲೆ ಮಂಗಳೂರು ಹೆಂಚು ಹೊದಿಸಿ. ಒಳಗಿನ ತಾರಸಿಯೇ ಹಾಗೇ ಹೊರಗೆ ಹರಿದು ಹೋದ ಹಾಗೆ ಕಾಣುವ ಚಪ್ಪಟೆ ಸ್ಲ್ಯಾಬ್ ಫೋಟೋದಲ್ಲಿ ಭಾರಿ ಚೆಂದ, ಒಪ್ಪುತ್ತೇನೆ. ನಮ್ಮ ಆಕಾಶದ ಬೆಳಕು ಮಾತ್ರ ಕಣ್ಣು ಕುಕ್ಕುತ್ತದೆ. ತಗ್ಗಿದ ಸೂರು ಆ ಬೆಳಕನ್ನು ಮರೆಮಾಡಿ ಕಣ್ಣನ್ನು ಕೆಳಗೆ, ಅಂಗಳದ ನೆಲಕ್ಕೆ, ಗಿಡಕ್ಕೆ ಇಳಿಸುತ್ತದೆ.

ಬಿಸಿಲಿಗೂ ಇದೇ ಸೂರು ಸಾಕು. ದಕ್ಷಿಣಕ್ಕೆ ತೆರೆದ ಜಗಲಿಗೆ ಮೇ, ಜೂನ್, ಜುಲೈನಲ್ಲಿ ನಡು ಮಧ್ಯಾಹ್ನದ ಬಿಸಿಲು ಬೀಳುವುದೇ ಇಲ್ಲ. ಆಗ ಸೂರ್ಯ ನಮ್ಮ ನೆತ್ತಿ ದಾಟಿ ಉತ್ತರಕ್ಕೆ ಹೋಗಿರುತ್ತಾನೆ. ಡಿಸೆಂಬರ್ 21ರ ಮಧ್ಯಾಹ್ನ ಮೈಸೂರಲ್ಲಿ ಸೂರ್ಯ ಸುಮಾರು 54 ಡಿಗ್ರಿ ಎತ್ತರದಲ್ಲಿರುತ್ತಾನೆ. ಮೇಲೆ ಹೇಳಿದ ಅಳತೆಗೆ ಜಗಲಿಯೊಳಗೆ ಹೆಚ್ಚು ಕಡಿಮೆ ಮೂರೂವರೆ ಅಡಿ ಬಿಸಿಲು ಬರುತ್ತದೆ. ಚಳಿಗಾಲದಲ್ಲಿ ಅಮ್ಮನಿಗೆ ಕೂರಲು ಅಷ್ಟು ಸಾಕು. ಪಕ್ಕದವರು ಎತ್ತರಕ್ಕೆ ಕಟ್ಟಿದರೆ ಅದರಲ್ಲಿ ಒಂದಿಷ್ಟು ಹೋಗುತ್ತದೆ, ಅದಕ್ಕೆ ಏನೂ ಮಾಡಲು ಬರುವುದಿಲ್ಲ.

ಇನ್ನು ನೆಲ. ಹಾಲ್ ಮತ್ತು ಜಗಲಿಯ ನೆಲ ಒಂದೇ ಮಟ್ಟದಲ್ಲಿರಲಿ, ಮಧ್ಯೆ ಹೊಸ್ತಿಲು ಬೇಡ. ಗಾಜಿನ ಸ್ಲೈಡಿಂಗ್ ಬಾಗಿಲು ಪಶ್ಚಿಮದ ಬದಲು ಇಲ್ಲಿ, ಹಾಲ್ ಮತ್ತು ಜಗಲಿಯ ಮಧ್ಯೆ ಬರುತ್ತದೆ. ಅದರ ಟ್ರ್ಯಾಕನ್ನು ನೆಲದೊಳಗೆ ಇಳಿಸಿ ಕೂರಿಸಬೇಕು. ಇದನ್ನು ಕಾಂಕ್ರೀಟ್ ಹಾಕುವ ಮುಂಚೆಯೇ ಹೇಳಬೇಕು, ಟೈಲ್ಸ್ ಹಾಕುವಾಗ ನೆನಪಾದರೆ ಉಪಯೋಗ ಇಲ್ಲ. ಟ್ರ್ಯಾಕಿನ ಕೆಳಗೆ ಸೇರುವ ನೀರಿಗೆ ಒಂದು ತೆಳು ಪೈಪ್ ಇಟ್ಟು ಅಂಗಳಕ್ಕೆ ಬಿಡಿ. ಜಗಲಿಗೆ ಎಂಟಡಿಗೆ ಒಂದಿಂಚಿನಂತೆ ಇಳಿಜಾರು ಕೊಡಿ. ಕಣ್ಣಿಗೆ ಕಾಣುವುದಿಲ್ಲ, ನೀರಿಗೆ ಗೊತ್ತಾಗುತ್ತದೆ.

ಒಳಗೆ ಹಾಕಿದ ಕಲ್ಲನ್ನೇ ಹೊರಗೂ ಹಾಕಿ. ಸಾದರಹಳ್ಳಿ ಗ್ರಾನೈಟ್ ಆದರೆ ಒಳಗೆ ನಯ, ಜಗಲಿ ಮತ್ತು ಅಂಗಳಕ್ಕೆ ಫ್ಲೇಮ್ಡ್, ಅಂದರೆ ಬೆಂಕಿ ತಾಗಿಸಿ ಒರಟು ಮಾಡಿದ್ದು. ಶಹಾಬಾದ್ ಕಲ್ಲೂ ಆಗುತ್ತದೆ, ಅಗ್ಗ. ಕಲ್ಲಿನ ಜಾಯಿಂಟ್ ಗೆರೆಗಳು ಹಾಲ್‌ನಿಂದ ಶುರುವಾಗಿ ಬಾಗಿಲ ಕೆಳಗೆ ಹಾದು ಜಗಲಿಯ ಅಂಚಿನವರೆಗೆ ನೇರ ಹೋಗಬೇಕು. ಮೇಸ್ತ್ರಿ ಎರಡು ಕಡೆ ಬೇರೆ ಬೇರೆ ದಿನ ಕೆಲಸ ಶುರು ಮಾಡಿದರೆ ಗೆರೆ ತಪ್ಪುತ್ತದೆ. ಬಾಗಿಲ ಗೆರೆಯಿಂದ ಶುರು ಮಾಡಿ ಎರಡೂ ಕಡೆಗೆ ಹೋಗಲು ಹೇಳಿ. ಹಾಗೆಯೇ ಹಾಲ್‌ನ ಪಕ್ಕದ ಒಂದು ಗೋಡೆ, ಅದೇ ಬಣ್ಣ, ಅದೇ ಗಾರೆಯಲ್ಲಿ ಜಗಲಿಯ ಕೊನೆವರೆಗೂ ಮುಂದುವರಿಯಲಿ. ಕಣ್ಣಿಗೆ ಒಳಗು ಹೊರಗು ಒಂದಾಗುವುದು ಈ ಎರಡರಿಂದ, ಗಾಜಿನ ಅಗಲದಿಂದಲ್ಲ. ಹೊಳೆಯುವ ವಿಟ್ರಿಫೈಡ್ ಟೈಲ್ಸನ್ನು ಜಗಲಿಗೆ ಹಾಕುವ ಮಾತೇ ಬೇಡ. ಅಮ್ಮ ಇರುವ ಮನೆ, ಒದ್ದೆ ಕಾಲು ಜಾರಿದರೆ ಕಷ್ಟ.

ಅಂಗಳ ಜಗಲಿಗಿಂತ ಒಂದೂವರೆ ಅಡಿ ಕೆಳಗಿರಲಿ. ಮನೆಯ ಪಾಯ ಹೇಗೂ ಅಷ್ಟು ಎತ್ತರ ಇರುತ್ತದೆ, ಮಣ್ಣು ತುಂಬಿಸುವ ಖರ್ಚು ಉಳಿಯಿತು. ಜಗಲಿಯ ಅಂಚೇ ಕೂರುವ ಕಟ್ಟೆ ಆಗುತ್ತದೆ. ಅವರೆಕಾಯಿ ಸುಲಿಯಲು, ಪೇಪರ್ ಓದಲು, ಮಕ್ಕಳು ಕಾಲು ಇಳಿಬಿಟ್ಟು ಕೂರಲು ಅದಕ್ಕಿಂತ ಒಳ್ಳೆ ಜಾಗ ಇಲ್ಲ. ಅಂಚಿನ ಕಲ್ಲು ಒಂದೂವರೆ ಇಂಚು ದಪ್ಪ ಇರಲಿ, ಮೂಲೆ ಉರುಟಾಗಿರಲಿ, ಕೆಳಗಿನಿಂದ ಒಂದಿಂಚು ಮುಂದಕ್ಕೆ ಚಾಚಿರಲಿ. ಇಳಿಯಲು ಅಮ್ಮನಿಗೆ ಆರಾರು ಇಂಚು ಎತ್ತರದ, ಅಗಲವಾದ ಮೆಟ್ಟಿಲು, ಪಕ್ಕದಲ್ಲಿ ಹಿಡಿಯಲು ಒಂದು ಕಂಬ ಅಥವಾ ಸರಳು.

ಅಂಗಳದ ಮೇಲೆ ನೇರ ಬೀಳುವ ನೀರು ಎಷ್ಟು ಅಂತ ಕೇಳಿದರೆ, ಗಂಟೆಗೆ 50 ಮಿ.ಮೀ. ಸುರಿಯುವ ಬಿರುಮಳೆಯಲ್ಲಿ 12×16 ಅಡಿಗೆ ಗಂಟೆಗೆ ಸುಮಾರು 900 ಲೀಟರ್. ಹಳೇ ತೊಟ್ಟಿಗೆ ಸುತ್ತಲ ಮಾಡಿನ ನೀರೂ ಬೀಳುತ್ತಿತ್ತು, ಅದಕ್ಕೇ ಅದನ್ನು ಕಲ್ಲಿನಲ್ಲಿ ಆಳವಾಗಿ ಕಟ್ಟುತ್ತಿದ್ದರು. ನೀವು ತಾರಸಿ ನೀರನ್ನು ಪೈಪಿನಲ್ಲಿ ಬೇರೆ ಕಡೆ, ಸಾಧ್ಯವಾದರೆ ನೆಲದಡಿಯ ಸಂಪ್ ಟ್ಯಾಂಕಿಗೆ, ತಿರುಗಿಸಿ. ಅಂಗಳಕ್ಕೆ ನಾಲ್ಕಿಂಚಿನ ಪೈಪ್ ಎರಡು ಇರಲಿ, ಎರಡು ಮೂಲೆಗೆ. ಒಂದೇ ಇದ್ದರೆ ಎಲೆ ಕಟ್ಟಿಕೊಂಡ ದಿನವೇ ಜೋರು ಮಳೆ ಬರುತ್ತದೆ.

ಪಾಲಿಕಾರ್ಬೊನೇಟ್ ಶೀಟ್ ಬಗ್ಗೆ. ಅಂಗಳ ಇರುವುದೇ ಬಿಸಿ ಗಾಳಿ ಮೇಲೆ ಹೋಗಲಿ ಅಂತ. ಮೇಲೆ ಶೀಟ್ ಮುಚ್ಚಿದರೆ ಬಿಸಿಲು ಒಳಗೆ ಬರುತ್ತದೆ, ಬಿಸಿ ಹೊರಗೆ ಹೋಗುವುದಿಲ್ಲ. ಮಳೆ ಬಂದರೆ ತಮಟೆ ಬಡಿದ ಸದ್ದು. ಕೆಲವೇ ವರ್ಷಕ್ಕೆ ಹಳದಿಯಾಗಿ, ಹಕ್ಕಿ ಹಿಕ್ಕೆ, ಧೂಳು ಸೇರಿ, ತೊಳೆಯಲೂ ಆಗದೆ ಹಾಗೇ ಇರುತ್ತದೆ. ಮುಚ್ಚಲೇಬೇಕು ಅಂತಿದ್ದರೆ ಗೋಡೆಯಿಂದ ಎರಡಡಿ ಮೇಲೆತ್ತಿ, ನಾಲ್ಕೂ ಪಕ್ಕ ಗಾಳಿಗೆ ಬಿಟ್ಟು ಹಾಕಬೇಕು. ನನ್ನನ್ನು ಕೇಳಿದರೆ ಮುಚ್ಚಬೇಡಿ. ಎಂಟಡಿ ಜಗಲಿ ಇದ್ದ ಮೇಲೆ ಅಂಗಳ ನೆನೆದರೆ ಏನಾಯಿತು?

ಕಳ್ಳರ ಭಯಕ್ಕೆ ಎರಡು ದಾರಿ. ಅಂಗಳದ ಮೇಲೆ ಕಬ್ಬಿಣದ ಕಂಬಿ ಹಾಸುವುದು ಒಂದು. ಆಗ ಜಗಲಿಯ ಬಾಗಿಲು ರಾತ್ರಿಯೂ ತೆರೆದಿಡಬಹುದು. ಕಂಬಿಯ ಸಂದು ನಾಲ್ಕಿಂಚು ಸಾಕು, ಆದರೆ 12 ಅಡಿ ಅಗಲಕ್ಕೆ ಮಧ್ಯೆ ಆಧಾರ ಕೊಡದಿದ್ದರೆ ಜೋತು ಬೀಳುತ್ತದೆ. ಇನ್ನೊಂದು, ಅಂಗಳ ಪೂರ್ತಿ ತೆರೆದಿಟ್ಟು, ಹಾಲ್‌ನ ಬಾಗಿಲಿಗೆ ಮಡಚುವ ಗ್ರಿಲ್ ಹಾಕಿ ರಾತ್ರಿ ಬೀಗ ಹಾಕುವುದು. ಬೀಗ ಎಲ್ಲಿ ಅಂತ ಮೊದಲೇ ತೀರ್ಮಾನ ಮಾಡಿ. ಗೃಹಪ್ರವೇಶ ಆದಮೇಲೆ ಭಯ ಬಿದ್ದು ಹಾಕಿಸಿದ ಗ್ರಿಲ್ ಯಾವತ್ತೂ ಚೆನ್ನಾಗಿ ಕಾಣುವುದಿಲ್ಲ. ನಿಮ್ಮ ಬಡಾವಣೆಯಲ್ಲಿ ಕೋತಿ ಕಾಟ ಇದ್ದರೆ ಯೋಚನೆಯೇ ಬೇಡ, ಮೇಲೆ ಕಂಬಿ ಹಾಕಿಸಿ.

ಸೊಳ್ಳೆಯೇ ನಿಜವಾದ ತಲೆನೋವು. ಸಂಜೆ ಆರಕ್ಕೆ ಬಾಗಿಲು ಹಾಕಿದರೆ ಆಯಿತು ಅಂದುಕೊಳ್ಳಬೇಡಿ, ಡೆಂಗಿ ಹರಡುವ ಸೊಳ್ಳೆ ಕಚ್ಚುವುದು ಹಗಲು ಹೊತ್ತಲ್ಲಿ. ಮೂರು ಟ್ರ್ಯಾಕ್ ಇರುವ ಬಾಗಿಲು ಮಾಡಿಸಿ, ಎರಡು ಗಾಜಿಗೆ, ಒಂದು ಮೆಷ್‌ಗೆ. ಮೆಷ್ ಸ್ಟೀಲಿನದ್ದಿರಲಿ. ಗಾಳಿ ಸ್ವಲ್ಪ ಕಡಿಮೆ ಆಗುತ್ತದೆ, ಅದಕ್ಕೆ ಹಾಲ್‌ನ ಉತ್ತರದ ಗೋಡೆಯಲ್ಲಿ ಎದುರು ಕಿಟಕಿ ಇಡಿ, ಗಾಳಿ ಹಾದು ಹೋಗಲಿ. ಪಕ್ಕದ ಮನೆ ಕಾಣದ ಹಾಗೆ ಆ ಕಿಟಕಿಗಳು ಎತ್ತರದಲ್ಲಿರಲಿ. ಅಂಗಳದಲ್ಲಿ ತಾವರೆ ಕುಂಡ ಇಟ್ಟರೆ ಗಪ್ಪಿ ಮೀನು ಬಿಡಿ. ಗಿಡದ ಕುಂಡಗಳ ಕೆಳಗಿನ ತಟ್ಟೆಯ ನೀರನ್ನು ವಾರಕ್ಕೊಮ್ಮೆ ಚೆಲ್ಲಲೇಬೇಕು. ಮೊಟ್ಟೆ ಸೊಳ್ಳೆಯಾಗಲು ಹೆಚ್ಚು ಕಡಿಮೆ ಒಂದು ವಾರ, ಹತ್ತು ದಿನ ಸಾಕು.

ಮರ ಒಂದೇ ಒಂದು ಸಾಕು. ದೇವಕಣಗಿಲೆ ನನ್ನ ಆಯ್ಕೆ. ಚಳಿಗಾಲದಲ್ಲಿ ಎಲೆ ಉದುರಿಸಿ ಜಗಲಿಗೆ ಬಿಸಿಲು ಬಿಡುತ್ತದೆ, ಬೇಸಿಗೆಯಲ್ಲಿ ನೆರಳು, ಹೂವು ಎರಡೂ ಕೊಡುತ್ತದೆ. ಆಲ, ಅರಳಿ, ಅತ್ತಿ ಥರದ ಫೈಕಸ್ ಜಾತಿಯ ಯಾವುದೂ ಬೇಡ, ಬೇರು ಪಾಯಕ್ಕೂ ಪೈಪಿಗೂ ಕೈ ಹಾಕುತ್ತದೆ. ಇಡೀ ಅಂಗಳಕ್ಕೆ ಕಲ್ಲು ಹಾಸದೆ ಗಿಡದ ಬುಡದಲ್ಲಿ ನಾಲ್ಕಡಿ ಚೌಕ ಮಣ್ಣು ಬಿಡಿ.

ರಾತ್ರಿಯದ್ದೊಂದು ಮಾತು ಯಾರೂ ಹೇಳುವುದಿಲ್ಲ. ಹಾಲ್‌ನಲ್ಲಿ ಟ್ಯೂಬ್‌ಲೈಟ್ ಹಾಕಿ ಅಂಗಳ ಕತ್ತಲೆ ಬಿಟ್ಟರೆ ಗಾಜು ಕನ್ನಡಿಯಾಗುತ್ತದೆ. ನಿಮಗೆ ಕಾಣುವುದು ನಿಮ್ಮದೇ ಮುಖ. ಅಂಗಳದ ಗೋಡೆ ಮೇಲೆ, ಮರದ ಬುಡದಲ್ಲಿ ಮಂದ ಹಳದಿ ದೀಪ ಇಡಿ, ಹಾಲ್‌ನ ಬೆಳಕು ತಗ್ಗಿಸಿ. ಆಗ ಗಾಜು ಮಾಯ. ಇದಕ್ಕೆ ವೈರಿಂಗ್ ಪಾಯಿಂಟ್ ಈಗಲೇ ಬಿಡಿಸಿ.

ವಾಸ್ತು ಬಗ್ಗೆ ನೀವು ಕೇಳಿಲ್ಲ, ಮನೆಯಲ್ಲಿ ಯಾರಾದರೂ ಕೇಳಿಯೇ ಕೇಳುತ್ತಾರೆ. ನಡುಮನೆ ಖಾಲಿ ಇರಬೇಕು ಅನ್ನುವವರಿಗೆ ಈ ನಕ್ಷೆಯಲ್ಲಿ ಹಾಲ್ ಮತ್ತು ಜಗಲಿಯೇ ನಡುವೆ ಬರುತ್ತದೆ ಅಂತ ತೋರಿಸಿ. ಅದಕ್ಕಿಂತ ಹೆಚ್ಚು ನಾನು ಹೇಳಲಾರೆ.

ಇನ್ನೊಂದು, ಸ್ವಲ್ಪ ಕಹಿ ಮಾತು. ಇಂಥ ಮನೆಗೆ ದಿನಾ ಗುಡಿಸುವವರು ಬೇಕು. ಧೂಳು ಬರುತ್ತದೆ, ಎಲೆ ಬರುತ್ತದೆ, ಕಪ್ಪೆಯೂ ಬರುತ್ತದೆ. ಗಂಡ ಹೆಂಡತಿ ಇಬ್ಬರೂ ಬೆಳಗ್ಗೆ ಎಂಟಕ್ಕೆ ಹೊರಟು ರಾತ್ರಿ ಬರುವ ಮನೆಯಲ್ಲಿ ಇದೆಲ್ಲ ವಾರವಿಡೀ ಮುಚ್ಚೇ ಇರುತ್ತದೆ, ಅಂಥವರಿಗೆ ನಾನು ಬೇಡ ಅಂತಲೇ ಹೇಳುತ್ತೇನೆ. ನಿಮ್ಮಲ್ಲಿ ಅಮ್ಮ ಹಗಲಿಡೀ ಇರುತ್ತಾರೆ. ಅವರಿಗೆ ಬೇಕಾ ಅಂತ ಕೇಳಿದ್ದೀರಾ?

ದುಡ್ಡಿನ ವಿಷಯದಲ್ಲಿ, 16 ಅಡಿ ಗಾಜನ್ನು ಹತ್ತಡಿಗೆ ಇಳಿಸಿ, ಉಳಿದ ಆರಡಿಗೆ ಗೋಡೆ ಇಟ್ಟು ಸೋಫಾ ಹಾಕಿಕೊಳ್ಳಿ. ಉಳಿದ ದುಡ್ಡನ್ನು ಜಗಲಿಗೂ ಕಲ್ಲಿಗೂ ಹಾಕಿ. ಆಮೇಲೆ ಎಂಜಿನಿಯರ್ ಹತ್ತಿರ ಬರೀ ಪ್ಲ್ಯಾನ್ ಒಪ್ಪಿಕೊಳ್ಳಬೇಡಿ. ಹಾಲ್, ಜಗಲಿ, ಅಂಗಳ, ಕಾಂಪೌಂಡ್ ನಾಲ್ಕನ್ನೂ ಅಡ್ಡಕ್ಕೆ ಕೊಯ್ದು ತೋರಿಸುವ ಸೆಕ್ಷನ್ ಡ್ರಾಯಿಂಗ್ ಕೇಳಿ. ಸೂರಿನ ಎತ್ತರ, ನೆಲದ ಮಟ್ಟ, ಇಳಿಜಾರು, ಬಾಗಿಲ ಟ್ರ್ಯಾಕ್, ಮೆಷ್, ಬೀಗ, ನೀರಿನ ಪೈಪ್ ಎಲ್ಲವೂ ಅದರಲ್ಲಿ ಅಳತೆ ಸಮೇತ ಇರಬೇಕು. ಅದು ಕೈಗೆ ಬರುವ ತನಕ ಪಾಯ ತೋಡಿಸಬೇಡಿ.